ಗ್ರಂಥಸೂಚಿಯ ಬಾಗಿಲುಗಳು

ಕೆಲವು ವರ್ಷಗಳಿಂದ ನಾವು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ಮುಸ್ಲಿಂ ಮನೆಗಳಲ್ಲಿರುವ ಕನ್ನಡ ಇಸ್ಲಾಮೀ ಗ್ರಂಥಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದೇವೆ. ಯಾವ ಪುಸ್ತಕ ಯಾವ ಮನೆಯಲ್ಲಿದೆಯೆಂದು ತಿಳಿದರೆ, ಬೇಕಾದವರು ಕೇಳಿ ಪಡೆದು ಓದಬಹುದೆಂಬುದೇ ಇದರ ಉದ್ದೇಶ. ಲೇಖಕರ ಹೆಸರುಗಳನ್ನು ಅಕಾರಾದಿಯಲ್ಲಿ ಜೋಡಿಸಿ, ಪ್ರತಿಯೊಂದು ಪುಸ್ತಕದ ಮುಂದೆ ಒಂದೊಂದು ವಿಷಯವನ್ನು ಬರೆದಿದ್ದೆವು. ಪಟ್ಟಿ ಅಚ್ಚುಕಟ್ಟಾಗಿದೆಯೆಂಬ ಸಮಾಧಾನವೂ ನಮಗಿತ್ತು.

ಒಂದು ದಿನ ಬೈಂದೂರು ಕಡೆಯ ಸಹೋದರಿಯೊಬ್ಬರು ಫೋನ್ ಮಾಡಿದರು. ಅವರ ತಂದೆ ತೀರಿಕೊಂಡಿದ್ದರು. ಆಸ್ತಿಯ ಕಾಗದಪತ್ರಗಳು ಸಿದ್ಧವಾಗುತ್ತಿದ್ದವು. "ಉಸ್ತಾದರೇ, ಹೆಣ್ಣುಮಕ್ಕಳ ಪಾಲಿನ ಬಗ್ಗೆ ಕನ್ನಡದಲ್ಲಿ ಬರೆದದ್ದು ಏನಾದರೂ ಇದೆಯಾ?" ಎಂದು ಕೇಳಿದರು. ಸೂರಃ ಅನ್ನಿಸಾದ 11, 12 ಮತ್ತು 176ನೇ ವಚನಗಳನ್ನು ಸೂಚಿಸಿ ನಮಗೆ ತಿಳಿದುದನ್ನು ಹೇಳಿದೆವು. ಆದರೆ ಅವರಿಗೆ ಬೇಕಾಗಿದ್ದುದು ಅಣ್ಣಂದಿರ ಮುಂದೆ ಇಡಬಹುದಾದ, ಲೆಕ್ಕವನ್ನು ಬಿಡಿಸಿ ತೋರಿಸುವ ಅಚ್ಚಾದ ಕನ್ನಡ ಪುಸ್ತಕ. ಪಟ್ಟಿಯಲ್ಲಿ 'ಉತ್ತರಾಧಿಕಾರ' ಎಂದು ಹುಡುಕಿದೆವು. ಒಂದೂ ಸಿಗಲಿಲ್ಲ. "ಇಲ್ಲಮ್ಮಾ" ಎಂದುಬಿಟ್ಟೆವು.

ಎರಡು ತಿಂಗಳ ನಂತರ, ಬೇರಾವುದೋ ಕೆಲಸಕ್ಕಾಗಿ ಕುಂದಾಪುರದ ಮನೆಯೊಂದರಲ್ಲಿದ್ದ ಗ್ರಂಥವನ್ನು ತೆರೆದೆವು. ನಾವೇ ಅದರ ಮುಂದೆ 'ಕೌಟುಂಬಿಕ ಜೀವನ' ಎಂದು ಬರೆದಿದ್ದೆವು. ಅದರ ಕೊನೆಯ ಅಧ್ಯಾಯ ಪೂರ್ತಿ ಉತ್ತರಾಧಿಕಾರದ ಕುರಿತಾಗಿತ್ತು. ಉದಾಹರಣೆಗಳೊಂದಿಗೆ ಲೆಕ್ಕವೂ ಇತ್ತು. ತಕ್ಷಣ ಫೋನ್ ಮಾಡಿದೆವು. "ಸಹಿ ಹಾಕಿ ಆಯಿತು ಉಸ್ತಾದರೇ" ಎಂದರು ಆ ಸಹೋದರಿ. ಹಕ್ಕು ಬಿಡುಗಡೆ ಪತ್ರಕ್ಕೆ ಅವರು ಸಹಿ ಹಾಕಿದ್ದರು. ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆ ಮೌನವೇ ನಮ್ಮನ್ನು ಹೆಚ್ಚು ಕಾಡಿತು.

ಪುಸ್ತಕವಿತ್ತು, ಅದಕ್ಕೆ ಹೋಗುವ ದಾರಿಯನ್ನು ನಾವು ಮುಚ್ಚಿದ್ದೆವು. ಮದ್ರಸದಲ್ಲಿ ಹದೀಸ್ ಕಲಿತ ನಾವು ಈ ತಪ್ಪು ಮಾಡಬಾರದಿತ್ತು.

ಏಕೆಂದರೆ ಹದೀಸ್ ಗ್ರಂಥಗಳಲ್ಲಿ ಎರಡೂ ಬಗೆಯ ಜೋಡಣೆಗಳಿವೆ. ಇಮಾಮ್ ಅಹ್ಮದ್ ಬಿನ್ ಹಂಬಲ್(ರ)ರವರ 'ಮುಸ್ನದ್' ವರದಿ ಮಾಡಿದ ಸಹಾಬಿಗಳ ಹೆಸರುಗಳ ಮೇಲೆ ವಿಂಗಡಿಸಲ್ಪಟ್ಟಿದೆ. ಅಬೂ ಹುರೈರಾ(ರ)ರಿಂದ ಬಂದುದೆಲ್ಲವೂ ಬೇಕೆನ್ನುವ ವಿದ್ವಾಂಸನಿಗೆ ಅದು ಅನುಕೂಲ. ಆದರೆ ಉಪವಾಸದ ಬಗ್ಗೆ ತಿಳಿಯಬಯಸುವವನು ಏನು ಮಾಡಬೇಕು? ಇಮಾಮ್ ಬುಖಾರಿ(ರ)ರವರು ತಮ್ಮ 'ಸಹೀಹ್' ಅನ್ನು ವಿಷಯಾನುಸಾರ ಜೋಡಿಸಿದರು. ಅದರ ಅಧ್ಯಾಯಗಳಿಗೆ 'ಬಾಬ್' ಎನ್ನುತ್ತಾರೆ; ಬಾಬ್ ಎಂದರೆ ಬಾಗಿಲು. ಒಂದೇ ಹದೀಸಿಗೆ ಹಲವು ಬಾಗಿಲುಗಳನ್ನು ತೆರೆಯಲು ಅವರು ಹಿಂಜರಿಯಲಿಲ್ಲ. ನಿಯ್ಯತ್ತಿನ ಪ್ರಸಿದ್ಧ ಹದೀಸ್ 'ಸಹೀಹ್'ನಲ್ಲಿ ಏಳು ಕಡೆ ಬರುತ್ತದೆ: ದಿವ್ಯವಾಣಿಯ ಆರಂಭ, ಈಮಾನ್, ಗುಲಾಮರ ವಿಮೋಚನೆ, ಅನ್ಸಾರರ ಶ್ರೇಷ್ಠತೆ, ವಿವಾಹ, ಪ್ರತಿಜ್ಞೆ ಮತ್ತು ಕುಟಿಲೋಪಾಯಗಳು. ಇಂದು ಬಳಕೆಯಲ್ಲಿರುವ ಅಂಕಿಕ್ರಮದಲ್ಲಿ ಈ ಗ್ರಂಥದಲ್ಲಿ 7563 ಹದೀಸ್‌ಗಳಿವೆ. ಪುನರಾವರ್ತನೆ ಬಿಟ್ಟರೆ ಉಳಿಯುವುದು ಸುಮಾರು 2600. ಬುಖಾರಿಯವರ ಫಿಕ್ಹ್ ಅವರ ಶೀರ್ಷಿಕೆಗಳಲ್ಲಿದೆಯೆಂದು ವಿದ್ವಾಂಸರು ಹೇಳುತ್ತ ಬಂದಿರುವುದು ಸುಮ್ಮನಲ್ಲ.

ನಮ್ಮ ನೆರೆಯ ಉದಾಹರಣೆಯನ್ನೇ ನೋಡಿರಿ. ಕೋಟದಲ್ಲಿ ಜನಿಸಿದ ಶಿವರಾಮ ಕಾರಂತರು ಕಾದಂಬರಿ, ಯಕ್ಷಗಾನ, ವಿಜ್ಞಾನ, ಮಕ್ಕಳ ಸಾಹಿತ್ಯ ಎಲ್ಲದರಲ್ಲೂ ಬರೆದರು. ಲೇಖಕಕ್ರಮದ ಪಟ್ಟಿಯಲ್ಲಿ ಇವೆಲ್ಲವೂ 'ಕ' ಅಕ್ಷರದಡಿ ಒಟ್ಟಾಗುತ್ತವೆ. ಕಾರಂತರನ್ನು ಓದಬಯಸುವವರಿಗೆ ಅದು ಸಾಕು. ಯಕ್ಷಗಾನದ ಬಗ್ಗೆ ಓದಬಯಸುವವನಿಗೆ ಮಾತ್ರ 'ಯಕ್ಷಗಾನ ಬಯಲಾಟ' ಆ ವಿಷಯದಡಿಯಲ್ಲೇ ಸಿಗಬೇಕು.

ಹೀಗಾಗಿ ನಾವು ಪಟ್ಟಿಯನ್ನು ಝೋಟೆರೋ ಎಂಬ ತಂತ್ರಾಂಶಕ್ಕೆ ವರ್ಗಾಯಿಸಿದೆವು. ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 2006ರಲ್ಲಿ ಹೊರಬಂದ ಇದು ಉಚಿತವಾಗಿ ದೊರೆಯುತ್ತದೆ. ಇದರಲ್ಲಿ ಪ್ರತಿಯೊಂದು ವಿಷಯಕ್ಕೂ ಒಂದು 'ಕಲೆಕ್ಷನ್' ಮಾಡಿದೆವು. ಒಂದೇ ಪುಸ್ತಕವನ್ನು ಎಷ್ಟು ಕಲೆಕ್ಷನ್‌ಗಳಿಗೆ ಸೇರಿಸಿದರೂ ದಾಖಲೆ ಒಂದೇ ಆಗಿರುತ್ತದೆ. ಪ್ರಕಟಣೆಯ ವರ್ಷವನ್ನು ಒಮ್ಮೆ ತಿದ್ದಿದರೆ ಎಲ್ಲೆಡೆಯೂ ತಿದ್ದಿದಂತೆಯೇ. ಕಲೆಕ್ಷನ್ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಅದರ ಗ್ರಂಥಸೂಚಿಯನ್ನು ಪಡೆದು, ಕಡತದಲ್ಲಿ ಆಯಾ ಶೀರ್ಷಿಕೆಯ ಕೆಳಗೆ ಅಂಟಿಸಬೇಕು. ಹೀಗೆ ಅಂಟಿಸಿದ್ದು ತಾನಾಗಿ ಬದಲಾಗುವುದಿಲ್ಲ. ಹೊಸ ಪುಸ್ತಕ ಸೇರಿದಾಗ ಮತ್ತೆ ತೆಗೆಯಬೇಕು. ಹಣ ಕೊಟ್ಟು ಪಡೆಯುವ ಎಂಡ್‌ನೋಟ್‌ನಲ್ಲಿ ಇದಕ್ಕೆಂದೇ 'ಸಬ್ಜೆಕ್ಟ್ ಬಿಬ್ಲಿಯೋಗ್ರಫಿ' ಎಂಬ ಸೌಲಭ್ಯವಿದೆ. ಪುಸ್ತಕಕ್ಕೆ ಮೂರು ವಿಷಯಪದಗಳನ್ನು ಕೊಟ್ಟರೆ ಅದು ಮೂರೂ ಶೀರ್ಷಿಕೆಗಳಡಿ ಅದನ್ನು ಮುದ್ರಿಸುತ್ತದೆ.

ಆದರೆ ಯಂತ್ರಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ನಾವು ಒಂದೆಡೆ 'ಕುರ್‌ಆನ್', ಇನ್ನೊಂದೆಡೆ 'ಖುರ್‌ಆನ್', ಮತ್ತೊಂದೆಡೆ 'ಕುರಾನ್' ಎಂದು ಬರೆದಿದ್ದರೆ ಅದಕ್ಕೆ ಅವು ಮೂರು ಬೇರೆ ವಿಷಯಗಳು. 'ಝಕಾತ್' ಮತ್ತು 'ಜಕಾತ್' ಕೂಡ ಹಾಗೆಯೇ. ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಶೀರ್ಷಿಕೆಗಳನ್ನು ನಿಶ್ಚಯಿಸಿ ಬರೆದಿಟ್ಟೆವು; ಅದರಲ್ಲಿಲ್ಲದ ಪದವನ್ನು ಬಳಸುವುದಿಲ್ಲ. 'ವಾರಸು' ಎಂದು ಹುಡುಕುವವರು 'ಉತ್ತರಾಧಿಕಾರ'ವನ್ನು ನೋಡಬೇಕೆಂದು ಪಟ್ಟಿಯಲ್ಲೇ ಸೂಚನೆ ಕೊಟ್ಟೆವು. ಹೆಸರುಗಳದ್ದು ಇನ್ನೊಂದು ತೊಡಕು. ತಂತ್ರಾಂಶ ಕುಲನಾಮ, ಸ್ವಂತ ಹೆಸರು ಎಂದು ಎರಡು ಭಾಗ ಕೇಳುತ್ತದೆ. ನಮ್ಮಲ್ಲಿ ಅನೇಕರಿಗೆ ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳಿವೆಯೇ ಹೊರತು ಕುಲನಾಮವಿಲ್ಲ. ಅಂತಹವರ ಹೆಸರನ್ನು ಒಡೆಯದೆ ಒಂದೇ ಅಂಕಣದಲ್ಲಿ ಬರೆಯಲು ಅಲ್ಲಿ ಅವಕಾಶವಿದೆ.

ಇಷ್ಟಾದರೂ ಮುಖ್ಯ ಕೆಲಸ ತಂತ್ರಾಂಶದ್ದಲ್ಲ. ಆ ಗ್ರಂಥದ ಹೊದಿಕೆಯನ್ನಷ್ಟೇ ನೋಡಿ ವಿಷಯ ಬರೆದವರು ನಾವು. ಪರಿವಿಡಿಯನ್ನು ಓದಲು ಐದು ನಿಮಿಷ ಸಾಕಾಗಿತ್ತು. ಆ ಐದು ನಿಮಿಷವನ್ನು ಉಳಿಸಿಕೊಂಡ ಸೋಮಾರಿತನಕ್ಕೆ ಯಾವ ತಂತ್ರಾಂಶದಲ್ಲೂ ಪರಿಹಾರವಿಲ್ಲ. ಈಗ ಪ್ರತಿ ಗ್ರಂಥದ ಪರಿವಿಡಿಯನ್ನು ಓದಿದ ನಂತರವೇ, ಯಾರು ಯಾವ ಕಷ್ಟದಲ್ಲಿ ಇದನ್ನು ಹುಡುಕಿಕೊಂಡು ಬಂದಾರು ಎಂದು ಕೇಳಿಕೊಂಡು ಶೀರ್ಷಿಕೆ ಕೊಡುತ್ತೇವೆ.

ಪ್ರಿಯ ಸಹೋದರ ಸಹೋದರಿಯರೇ, ನಿಮ್ಮ ಮನೆಯ ಕಪಾಟಿನಲ್ಲಿ ಹತ್ತು ಪುಸ್ತಕಗಳಿದ್ದರೂ ಸಾಕು, ಮಕ್ಕಳನ್ನು ಕೂರಿಸಿಕೊಂಡು ಪಟ್ಟಿ ಮಾಡಿರಿ. ಹೆಸರಿನ ಜೊತೆ ಅದು ಮಾತನಾಡುವ ವಿಷಯಗಳನ್ನೆಲ್ಲ ಬರೆಯಿರಿ. ಜ್ಞಾನವು ಅಮಾನತ್ತು, ಅದು ಹಕ್ಕುದಾರನಿಗೆ ತಲುಪದಂತೆ ಕಪಾಟಿನಲ್ಲಿ ಉಳಿದರೆ ನಾವು ಉತ್ತರ ಹೇಳಬೇಕಾಗುತ್ತದೆ.

ಆ ಗ್ರಂಥವನ್ನು ಮನೆಯವರ ಅನುಮತಿ ಪಡೆದು ಆ ಸಹೋದರಿಗೆ ತಲುಪಿಸಿದೆವು. ತಡವಾಗಿತ್ತು, ನಿಜ. ಅವರು ಅದನ್ನು ಓದಿ, ತಮ್ಮ ಮಗಳಿಗೂ ಓದಲು ಕೊಟ್ಟಿದ್ದಾರೆ. ಅದೀಗ ನಮ್ಮ ಪಟ್ಟಿಯಲ್ಲಿ ವಿವಾಹ, ಕೌಟುಂಬಿಕ ಜೀವನ, ಉತ್ತರಾಧಿಕಾರ ಎಂಬ ಮೂರು ಬಾಗಿಲುಗಳಲ್ಲಿದೆ. ನಮ್ಮ ಅಜಾಗ್ರತೆಯನ್ನು ಅಲ್ಲಾಹನು ಕ್ಷಮಿಸಲಿ, ಹಕ್ಕುದಾರರಿಗೆ ಅವರ ಹಕ್ಕನ್ನು ತಲುಪಿಸುವ ತೌಫೀಕನ್ನು ನಮ್ಮೆಲ್ಲರಿಗೂ ನೀಡಲಿ. ಆಮೀನ್.