ಚಿಂತೆಯನ್ನು ಬಾಗಿಲ ಹೊರಗಿಡಿ

ಅಮೆರಿಕದ ಬಾಸ್ಟನ್ ನಗರದಲ್ಲಿ 1889ರಲ್ಲಿ ಒಂದು ಹೊಸ ಬಗೆಯ ಶಿಕ್ಷಣಶಾಲೆ ಆರಂಭವಾಯಿತು. ತರುಣಿಯರಿಗೆ ಅಂಗಸಾಧನೆಯನ್ನು ಕಲಿಸಿ, ಅವರನ್ನು ವ್ಯಾಯಾಮದ ಉಪಾಧ್ಯಾಯಿನಿಯರನ್ನಾಗಿ ಅಣಿಗೊಳಿಸುವುದು ಅದರ ಉದ್ದೇಶ. ಮೇರಿ ಹೆಮೆನ್‌ವೇ ಎಂಬ ಉದಾರ ಮಹಿಳೆ ತಮ್ಮ ಧನವನ್ನೂ, ಏಮಿ ಮಾರಿಸ್ ಹೋಮನ್ಸ್ ತಮ್ಮ ಕರ್ತೃತ್ವವನ್ನೂ ಧಾರೆಯೆರೆದು ಕಟ್ಟಿದ ಸಂಸ್ಥೆ ಅದು. ಆ ಶತಮಾನದ ಕೊನೆಯ ದಶಕದಲ್ಲಿ ಒಮ್ಮೆ, ಶಿಕ್ಷಣ ಮುಗಿಸಿ ಹೊರಡಲಿದ್ದ ವಿದ್ಯಾರ್ಥಿನಿಯರನ್ನು ಉದ್ದೇಶಿಸಿ ಮಾತನಾಡಲು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರೊಬ್ಬರು ಅಲ್ಲಿಗೆ ಬಂದರು. ಅವರೇ ವಿಲಿಯಂ ಜೇಮ್ಸ್.

ಇಂತಹ ಸಮಾರಂಭಗಳಲ್ಲಿ ಕೇಳಿಬರುವ ಮಾತು ಎಂಥದೆಂಬುದನ್ನು ಯಾರೂ ಊಹಿಸಬಲ್ಲರು. ಕರ್ತವ್ಯದ ಗುರುಭಾರ, ದೇಶದ ಭವಿಷ್ಯ, ತ್ಯಾಗ, ಸೇವೆ ಇವೆಲ್ಲವನ್ನೂ ಒಂದೊಂದಾಗಿ ಎಳೆಯ ಹೆಗಲುಗಳ ಮೇಲೆ ಹೇರಿ ಭಾಷಣಕಾರರು ಹಾರ ಹಾಕಿಸಿಕೊಂಡು ಹೋಗುವುದು ವಾಡಿಕೆ. ಜೇಮ್ಸರು ಮಾಡಿದ್ದು ಇದಕ್ಕೆ ವಿರುದ್ಧವಾದ ಕೆಲಸ. ಇದ್ದ ಭಾರವನ್ನೂ ಇಳಿಸಿಡಿ ಎಂದರು.

ತಮ್ಮ ದೇಶದ ಜನರ ಮುಖಗಳೆಲ್ಲ ಬಿಗಿದುಕೊಂಡಿವೆ ಎಂಬುದು ಅವರ ದೂರು. ಸ್ಕಾಟ್ಲೆಂಡಿನಿಂದ ಬಂದಿದ್ದ ಮನೋರೋಗ ವೈದ್ಯರೊಬ್ಬರು, ಅಮೆರಿಕದವರು ಮುಖದ ಮೇಲೆ ಅತಿಯಾಗಿ ಭಾವವನ್ನು ಹೊತ್ತು ತಿರುಗುತ್ತಾರೆಂದು ಹೇಳಿದ್ದನ್ನು ಜೇಮ್ಸರು ನೆನಪಿಸಿದರು. ಸದಾ ಅವಸರ, ಸದಾ ಆತಂಕ. ಮಾಡುವ ಕೆಲಸಕ್ಕಿಂತ ಮಾಡಬೇಕಲ್ಲಾ ಎಂಬ ತವಕವೇ ಮನುಷ್ಯನನ್ನು ಹಣ್ಣುಮಾಡುತ್ತದೆ. ಉಪಾಧ್ಯಾಯರಿಗೆ ಅವರು ಕೊಟ್ಟ ಸಲಹೆಯ ಸಾರ ಇಷ್ಟೇ: ವಿಷಯವನ್ನು ಚೆನ್ನಾಗಿ ಅರಗಿಸಿಕೊಳ್ಳಿ, ಕರೆದೊಡನೆ ಅದು ನಾಲಿಗೆಗೆ ಬರುವಂತಿರಲಿ. ಆಮೇಲೆ ತರಗತಿಯನ್ನು ಹೊಕ್ಕಾಗ ನಿಮ್ಮ ಸಹಜ ಸ್ಫೂರ್ತಿಯನ್ನು ನಂಬಿ, ಉಳಿದ ಚಿಂತೆಯನ್ನೆಲ್ಲ ಕಿತ್ತೆಸೆಯಿರಿ. ಇದರಲ್ಲಿ ಸೋಮಾರಿಗೆ ಅನುಕೂಲವಾದ ಮಾತು ಏನೂ ಇಲ್ಲವೆಂಬುದನ್ನು ಗಮನಿಸಬೇಕು. ಸಲಹೆಯ ಮೊದಲರ್ಧವನ್ನು ಪಾಲಿಸದವನಿಗೆ ಎರಡನೆಯ ಅರ್ಧ ದಕ್ಕುವುದಿಲ್ಲ.

ಹೀಗೆ ನಗುನಗುತ್ತ ಧೈರ್ಯ ಹೇಳಿದವರು ಹುಟ್ಟಾ ಉಲ್ಲಾಸಿಗಳಾಗಿದ್ದರೆಂದು ತಿಳಿದರೆ ತಪ್ಪಾದೀತು. 1842ರಲ್ಲಿ ಜನಿಸಿದ ಜೇಮ್ಸರು ಚಿತ್ರಕಲೆಯನ್ನು ಕೈಗೆತ್ತಿಕೊಂಡು ಬಿಟ್ಟರು, ರಸಾಯನಶಾಸ್ತ್ರಕ್ಕೆ ಹೋದರು, ಕೊನೆಗೆ 1869ರಲ್ಲಿ ವೈದ್ಯ ಪದವಿಯನ್ನು ಪಡೆದರು. ಆದರೆ ಒಂದು ದಿನವೂ ವೈದ್ಯವೃತ್ತಿಯನ್ನು ನಡೆಸಲಿಲ್ಲ. ಬೆನ್ನುನೋವು, ಕಣ್ಣಿನ ಬಾಧೆ, ಎಲ್ಲಕ್ಕಿಂತ ಮಿಗಿಲಾಗಿ ಮನಸ್ಸನ್ನು ಕವಿದ ಕತ್ತಲೆ. ಮನುಷ್ಯನು ಕೇವಲ ಯಂತ್ರವೇ, ಅವನ ಇಚ್ಛೆಗೆ ಏನಾದರೂ ಬೆಲೆಯಿದೆಯೇ ಎಂಬ ಸಂದೇಹ ಅವರನ್ನು ಬದುಕಿನ ಅಂಚಿನವರೆಗೂ ತಳ್ಳಿತ್ತು. 1870ರ ಏಪ್ರಿಲ್ 30ರಂದು ಅವರು ದಿನಚರಿಯಲ್ಲಿ ಒಂದು ನಿರ್ಧಾರವನ್ನು ಬರೆದುಕೊಂಡರು. ಫ್ರೆಂಚ್ ತತ್ತ್ವಜ್ಞ ರೆನೂವಿಯೇ ಅವರ ಬರಹವನ್ನು ಓದಿದ್ದರ ಫಲ ಅದು. ಇಚ್ಛಾಸ್ವಾತಂತ್ರ್ಯವಿದೆಯೆಂದು ನಂಬುವುದೇ ತಮ್ಮ ಇಚ್ಛಾಸ್ವಾತಂತ್ರ್ಯದ ಮೊದಲ ಕಾರ್ಯವಾಗಲಿ ಎಂದು ಅವರು ನಿಶ್ಚಯಿಸಿದರು. ಮೂರು ವರ್ಷಗಳ ಅನಂತರ, 1873ರಲ್ಲಿ, ಹಾರ್ವರ್ಡಿನಲ್ಲಿ ಪಾಠ ಹೇಳತೊಡಗಿದರು. ನಿಯತವಾದ ಕೆಲಸವು ಔಷಧಿಗಿಂತ ಹೆಚ್ಚು ಗುಣಕಾರಿಯಾಯಿತು. ಮನಶ್ಶಾಸ್ತ್ರವನ್ನು ಅವರು ಯಾರಿಂದಲೂ ಕಲಿತವರಲ್ಲ. ಆ ವಿಷಯದಲ್ಲಿ ತಾವು ಕೇಳಿದ ಮೊದಲ ಉಪನ್ಯಾಸವೇ ತಾವು ಕೊಟ್ಟ ಮೊದಲ ಉಪನ್ಯಾಸವೆಂದು ಹಾಸ್ಯ ಮಾಡುತ್ತಿದ್ದರು.

ಹನ್ನೆರಡು ವರ್ಷಗಳ ದುಡಿಮೆಯಿಂದ ಅವರ ಮನಶ್ಶಾಸ್ತ್ರದ ಮಹಾಗ್ರಂಥವು ಎರಡು ಸಂಪುಟಗಳಾಗಿ 1890ರಲ್ಲಿ ಹೊರಬಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಹಾರ್ವರ್ಡಿನ ಆಡಳಿತದವರು ಕೇಂಬ್ರಿಜ್ ಊರಿನ ಉಪಾಧ್ಯಾಯರಿಗಾಗಿ ಕೆಲವು ಉಪನ್ಯಾಸಗಳನ್ನು ಕೊಡಬೇಕೆಂದು ಕೇಳಿಕೊಂಡರು. ಅವೇ ಮಾತುಗಳನ್ನು ಜೇಮ್ಸರು ಮುಂದೆ ಬೇರೆ ಬೇರೆ ಊರುಗಳಲ್ಲಿ ತಿದ್ದಿ ತಿದ್ದಿ ಹೇಳಿದರು. 1899ರಲ್ಲಿ ಅವು ಪುಸ್ತಕರೂಪ ತಾಳಿದವು. ಶಾಸ್ತ್ರದ ಸೂಕ್ಷ್ಮ ವಿಭಜನೆಗಳನ್ನು ಹೇಳುವಾಗ ಕೇಳುಗರ ಕಣ್ಣು ಮಂಕಾಗುವುದನ್ನೂ, ನಿತ್ಯದ ಅನುಭವವನ್ನು ಹೇಳುವಾಗ ಅರಳುವುದನ್ನೂ ಕಂಡು, ಅವರು ಮೊದಲಿನದನ್ನು ಕಳೆಯಂತೆ ಕಿತ್ತುಹಾಕುತ್ತ ಬಂದರು. ಸಭಿಕರಿಂದ ಪಾಠ ಕಲಿಯುವ ಪಂಡಿತರು ಎಲ್ಲ ಕಾಲದಲ್ಲಿಯೂ ವಿರಳ.

ಆ ಕಾಲದಲ್ಲಿ ಶಿಶು ಅಧ್ಯಯನದ ಅಲೆಯೊಂದು ಎದ್ದಿತ್ತು. ಸ್ಟ್ಯಾನ್ಲಿ ಹಾಲ್ ಮೊದಲಾದವರು ಪ್ರಶ್ನಾವಳಿಗಳನ್ನು ಕಳುಹಿಸಿ ಮಕ್ಕಳ ಭಯ, ಆಟ, ಕಲ್ಪನೆಗಳ ವಿವರ ಸಂಗ್ರಹಿಸುತ್ತಿದ್ದರು. ಮೊದಲೇ ದಣಿದ ಉಪಾಧ್ಯಾಯರ ಮೇಲೆ ಇದೂ ಒಂದು ಕರ್ತವ್ಯವಾಗಿ ಬಂದು ಕುಳಿತಿತು. ಮನಶ್ಶಾಸ್ತ್ರದ ಆಚಾರ್ಯರೇ ಆಗಿದ್ದ ಜೇಮ್ಸರು ಉಪಾಧ್ಯಾಯರ ಪಕ್ಷ ವಹಿಸಿದರು. ಇಷ್ಟವಿದ್ದವರು ಮಾಡಲಿ, ಇಲ್ಲದವರ ಮನಸ್ಸಾಕ್ಷಿಯನ್ನು ಇದರಿಂದ ಚುಚ್ಚಬೇಡಿ, ಮಕ್ಕಳ ವಿಷಯವಾಗಿ ಏನೊಂದು ವರದಿಯನ್ನೂ ಬರೆಯಲಾರದವನು ಅತ್ಯುತ್ತಮ ಗುರುವಾಗಿರಬಹುದು ಎಂದರು. ಶಾಸ್ತ್ರ ಬೇರೆ, ಬೋಧನೆಯೆಂಬ ಕಲೆ ಬೇರೆ. ಶಾಸ್ತ್ರದಿಂದ ನೇರವಾಗಿ ಕಲೆ ಹುಟ್ಟದು, ನಡುವೆ ಒಂದು ಸೃಜನಶೀಲ ಮನಸ್ಸು ಇರಲೇಬೇಕು. ಕೈತುಂಬ ನಮೂನೆಗಳನ್ನು ಭರ್ತಿಮಾಡುತ್ತ ಕುಳಿತ ಯಾವ ಉಪಾಧ್ಯಾಯನಿಗೂ ಈ ಮಾತು ಹಳತೆನಿಸಲಾರದು.

ಕಲಿಕೆಯೆಂಬ ಹೆಸರಿನಲ್ಲಿ ನಡೆಯುವ ಗಿಳಿಪಾಠವನ್ನು ಕುರಿತು ಅವರು ಹೇಳುತ್ತಿದ್ದ ಕಥೆ ಪ್ರಸಿದ್ಧವಾದದ್ದು. ಅವರ ಪರಿಚಿತರೊಬ್ಬರು ಒಂದು ಶಾಲೆಗೆ ಭೇಟಿಯಿತ್ತಾಗ ಭೂಗೋಳದಲ್ಲಿ ಮಕ್ಕಳನ್ನು ಪರೀಕ್ಷಿಸುವಂತೆ ಅವರನ್ನು ಕೋರಲಾಯಿತು. ನೆಲದಲ್ಲಿ ನೂರಾರು ಅಡಿ ಆಳದ ಗುಂಡಿ ತೋಡಿದರೆ ತಳದಲ್ಲಿ ಮೇಲಿನದಕ್ಕಿಂತ ಬಿಸಿಯೋ ತಂಪೋ ಎಂದು ಅವರು ಕೇಳಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಉಪಾಧ್ಯಾಯಿನಿಗೆ ಅವಮಾನವಾಯಿತು. ಮಕ್ಕಳಿಗೆ ಉತ್ತರ ಗೊತ್ತಿದೆ, ಪ್ರಶ್ನೆ ಕೇಳಿದ ಕ್ರಮ ಸರಿಯಿಲ್ಲವೆಂದು ಹೇಳಿ, ಆಕೆ ಪುಸ್ತಕವನ್ನು ತೆಗೆದುಕೊಂಡು, ಭೂಗರ್ಭವು ಯಾವ ಸ್ಥಿತಿಯಲ್ಲಿದೆಯೆಂದು ಕೇಳಿದರು. ತಕ್ಷಣವೇ ಅರ್ಧ ತರಗತಿ ಒಕ್ಕೊರಲಿನಿಂದ, ಅದು ಅಗ್ನಿದ್ರವ ಸ್ಥಿತಿಯಲ್ಲಿದೆಯೆಂದು ಒಪ್ಪಿಸಿಬಿಟ್ಟಿತು! ಆ ಕಥೆಯಲ್ಲಿ ನಗೆಪಾಟಲಿಗೀಡಾಗುವುದು ಉಪಾಧ್ಯಾಯಿನಿಯಾದರೂ, ಅಯ್ಯೋ ಎನಿಸುವುದು ಮಕ್ಕಳ ಪಾಡು. ಬಿಸಿ ಎಂಬ ಒಂದು ಮಾತನ್ನು ಹೇಳಲಾರದವರು ಅಗ್ನಿದ್ರವವನ್ನು ಹೇಳಬಲ್ಲರು.

ಪರೀಕ್ಷೆಯಲ್ಲಿ ಸೋತ ಮಕ್ಕಳ ಪರವಾಗಿಯೂ ಜೇಮ್ಸರು ನಿಂತರು. ಕೆಲವರ ಮನಸ್ಸು ತಡವಾಗಿ ಕಾವು ಪಡೆಯುತ್ತದೆ. ಮೂರು ಗಂಟೆಗಳ ಪರೀಕ್ಷೆಯಲ್ಲಿ ಅವರು ಹಿಂದೆ ಬಿದ್ದರೂ ಬಾಳಿನ ದೀರ್ಘ ಪರೀಕ್ಷೆಯಲ್ಲಿ ಪಟಪಟನೆ ಒಪ್ಪಿಸುವವರನ್ನು ಮೀರಿಸಬಹುದೆಂಬುದು ಅವರ ನಂಬಿಕೆ.

ಆದರೆ ಮುಂದೆ ಗುರುಗಳಾಗುವವರಿಗೆ ಅವರು ಬಿಟ್ಟುಹೋದ ಅತ್ಯಂತ ಬೆಲೆಬಾಳುವ ಮಾತು ಬೋಧನೆಯನ್ನು ಕುರಿತದ್ದೇ ಅಲ್ಲ. ಒಮ್ಮೆ ಉತ್ತರ ಕ್ಯಾರೊಲಿನಾದ ಬೆಟ್ಟಗಳಲ್ಲಿ ಗಾಡಿಯಲ್ಲಿ ಹೋಗುತ್ತಿದ್ದಾಗ, ಕಾಡನ್ನು ಕಡಿದು ಮಾಡಿದ ಸಾಗುವಳಿಗಳು ಅವರ ಕಣ್ಣಿಗೆ ಬಿದ್ದುವು. ಒಣಗಿ ನಿಂತ ಮರಗಳು, ಸುಟ್ಟ ಮೋಟುಗಳು, ಅಂಕುಡೊಂಕಾದ ಬೇಲಿ, ನಡುನಡುವೆ ಜೋಳದ ಪೈರು, ಮರದ ದಿಮ್ಮಿಗಳ ಗುಡಿಸಲು. ಎಂಥ ಸುಂದರ ವನವನ್ನು ಎಷ್ಟು ಕುರೂಪ ಮಾಡಿದ್ದಾರೆಂದು ಅವರ ಮನಸ್ಸು ನೊಂದಿತು. ಇಲ್ಲಿ ಹೀಗೆ ನೆಲ ಬಿಡಿಸುವವರು ಯಾರೆಂದು ಗಾಡಿ ಹೊಡೆಯುವವನನ್ನು ಕೇಳಿದರು. ತಾವೆಲ್ಲರೂ ಅದನ್ನೇ ಮಾಡುವವರು, ಇಂತಹ ಒಂದು ತುಂಡು ನೆಲವನ್ನು ಸಾಗುವಳಿಗೆ ತರುತ್ತಿಲ್ಲದಿದ್ದರೆ ತಮಗೆ ಸಂತೋಷವೇ ಇಲ್ಲವೆಂದು ಆತ ಹೇಳಿದ. ಜೇಮ್ಸರಿಗೆ ಆಗ ಕಣ್ಣು ತೆರೆಯಿತು. ತಮಗೆ ವಿಕಾರವಾಗಿ ಕಂಡ ಆ ಮೋಟುಗಳು ಕಡಿದವರ ಪಾಲಿಗೆ ಬೆವರಿನ, ಗೆಲುವಿನ ಗುರುತುಗಳು. ಗುಡಿಸಲೆಂದರೆ ಹೆಂಡತಿ ಮಕ್ಕಳಿಗೆ ಆಸರೆ. ಕೇಂಬ್ರಿಜಿನ ತಮ್ಮ ಪುಸ್ತಕಗಳ ಬಾಳನ್ನು ಕಂಡರೆ ಆ ಬೆಟ್ಟದವರೂ ಇಷ್ಟೇ ಕುರುಡರಾಗುತ್ತಿದ್ದರಲ್ಲವೇ ಎಂದುಕೊಂಡರು. ಹಿಂದಿನ ಬೆಂಚಿನ ಮೂಲೆಯಲ್ಲಿ ಕುಳಿತು ಕಿಟಕಿಯಾಚೆ ನೋಡುವ ಹುಡುಗನ ಮನಸ್ಸಿನಲ್ಲಿ ಯಾವ ಕಾಡು ಕಡಿಯಲ್ಪಡುತ್ತಿದೆಯೋ, ಯಾವ ಪೈರು ಏಳುತ್ತಿದೆಯೋ, ಕರಿಹಲಗೆಯ ಬಳಿ ನಿಂತವರಿಗೆ ಕಾಣುವುದು ಮೋಟು ಮಾತ್ರ.

ಇಷ್ಟನ್ನೆಲ್ಲ ಹೇಳಿದವರು ತಮ್ಮ ತರಗತಿಯಲ್ಲಿ ಹೇಗಿದ್ದರು? ಅವರ ಶಿಷ್ಯೆಯಾಗಿದ್ದ ಲೇಖಕಿ ಗರ್ಟ್ರೂಡ್ ಸ್ಟೈನ್ 1933ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಒಂದು ಪ್ರಸಂಗವನ್ನು ಬರೆದಿದ್ದಾರೆ. ಪರೀಕ್ಷೆಯ ದಿನ ಆಕೆಗೆ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಈ ಹೊತ್ತು ತತ್ತ್ವಶಾಸ್ತ್ರದ ಪರೀಕ್ಷೆಯಲ್ಲಿ ಮನಸ್ಸಿಲ್ಲ, ಕ್ಷಮಿಸಬೇಕೆಂದು ಉತ್ತರಪತ್ರಿಕೆಯ ತಲೆಯಲ್ಲಿ ಬರೆದಿಟ್ಟು ಎದ್ದುಹೋದರು. ಮರುದಿನ ಜೇಮ್ಸರಿಂದ ಕಾರ್ಡೊಂದು ಬಂದಿತು. ತಮಗೂ ಅನೇಕ ಸಲ ಹಾಗೆಯೇ ಅನಿಸುವುದುಂಟೆಂದು ಅದರಲ್ಲಿ ಬರೆದಿತ್ತು. ಕೆಳಗೆ, ಆ ತರಗತಿಯಲ್ಲೇ ಅತಿ ಹೆಚ್ಚಿನ ಅಂಕ. ಪರೀಕ್ಷಾಧಿಕಾರಿಗಳು ಯಾರೂ ಒಪ್ಪುವ ಕೆಲಸವಲ್ಲ ಅದು. ಸ್ಟೈನ್ ಮಾತ್ರ ಆ ಕಾರ್ಡನ್ನು ಮರೆಯಲಿಲ್ಲ.