ಸಾಕು ಅಂದಿದ್ದು ಯಾವುದಕ್ಕೆ?

ಐಸಿಯು ಬಾಗಿಲ ಹೊರಗೆ ನಿಂತು ಡಾಕ್ಟರು ಕೇಳಿದ್ದು ಎರಡೇ ಪ್ರಶ್ನೆ. ಕಿಡ್ನಿ ಕೆಲಸ ಮಾಡ್ತಿಲ್ಲ, ಡಯಾಲಿಸಿಸ್ ಶುರು ಮಾಡೋಣವಾ? ಉಸಿರಾಟ ಮತ್ತೆ ಕೆಟ್ಟರೆ ಇನ್ನೊಂದು ಸಲ ವೆಂಟಿಲೇಟರಿಗೆ ಹಾಕೋಣವಾ? "ಸಂಜೆಯೊಳಗೆ ಹೇಳಿ" ಅಂದು ಹೊರಟವರನ್ನು ತಡೆದು ಕೇಳಿದೆ, "ಮಾಡಿದ್ರೆ ಎಷ್ಟು ದಿನ ಡಾಕ್ಟ್ರೇ?"

"ಕೆಲವು ದಿನ. ಹೆಚ್ಚಂದ್ರೆ ಕೆಲವು ವಾರ. ಎದ್ದು ಮನೆಗೆ ನಡ್ಕೊಂಡು ಬರ್ತಾರೆ ಅಂತ ಮಾತ್ರ ನಾನು ಹೇಳಲ್ಲ."

ಅಪ್ಪನಿಗೆ ಎಪ್ಪತ್ನಾಲ್ಕು. ಕನಕಪುರದ ಕಡೆ ನಮ್ಮೂರು. ಒಂದೂವರೆ ಎಕರೆ ಹಿಪ್ಪುನೇರಳೆ, ರೇಷ್ಮೆ ಹುಳ, ಜೊತೆಗೆ ನಲವತ್ತು ವರ್ಷದ ಬೀಡಿ. ಶ್ವಾಸಕೋಶ ಮೊದಲೇ ಹಾಳಾಗಿತ್ತು, ಅದರ ಮೇಲೆ ನ್ಯುಮೋನಿಯಾ. ಒಂಬತ್ತು ದಿನ ವೆಂಟಿಲೇಟರಿನಲ್ಲಿದ್ದು ಹತ್ತನೇ ದಿನ ಹೇಗೋ ಹೊರಗೆ ಬಂದಿದ್ದ. ಇದು ಹನ್ನೆರಡನೇ ದಿನ. ಕಂಪನಿ ಕೊಟ್ಟಿದ್ದ ಇನ್ಶೂರೆನ್ಸಿನ ಐದು ಲಕ್ಷ ಆಗಲೇ ಮುಗಿದಿತ್ತು.

ಕಾರಿಡಾರಿನ ಕುರ್ಚಿಯಲ್ಲಿ ಅವ್ವ ಜಪಸರ ಹಿಡಿದು ಕೂತಿದ್ದಳು. ಕಾಲ ಬಳಿ ಸ್ಟೀಲಿನ ಕ್ಯಾರಿಯರು, ಅದರಲ್ಲಿ ನಾಟಿ ಕೋಳಿ ಸಾರು. ಮೂಗಿನ ನಳಿಕೆಯಲ್ಲಿ ಊಟ ಹೋಗೋ ಮನುಷ್ಯನಿಗೆ ಸಾರು ಕುಡಿಸೋಕೆ ಆಗಲ್ಲ ಅಂತ ಮೂರು ದಿನ ಹೇಳಿದ್ದೆ. ಮೂರು ದಿನವೂ ತಂದಳು. ಅಕ್ಕ ನನ್ನ ಮುಖ ನೋಡಿಯೇ ವಿಷಯ ಊಹಿಸಿದಳು.

"ಬೇಡ ಅಂತ ಹೇಳ್ಬಿಡ್ತೀಯಾ? ಐದನೇ ಕಟ್ಟಳೆ ಮರ್ತೋಯ್ತಾ ನಿಂಗೆ?"

ಐದನೇ ಕಟ್ಟಳೆ ಅಂದರೆ ಕೊಲೆ ಮಾಡಬಾರದು ಅನ್ನೋದು. ನಾವು ಕಥೋಲಿಕರು. (ಆಫೀಸಲ್ಲಿ ಇದು ಗೊತ್ತಾದ ಕೂಡಲೇ "ಮಂಗಳೂರಾ?" ಅಂತ ಕೇಳ್ತಾರೆ. ಅಲ್ಲ ಕಣ್ರಿ, ನಂಗೆ ಕೊಂಕಣಿ ಒಂದಕ್ಷರ ಬರಲ್ಲ. ಹಳೇ ಮೈಸೂರು ಕಡೆ ಕನ್ನಡದಲ್ಲೇ ಬೈದು, ಕನ್ನಡದಲ್ಲೇ ಪ್ರಾರ್ಥನೆ ಮಾಡೋ ಕಥೋಲಿಕ ಊರುಗಳಿವೆ.) ಭಾನುವಾರದ ಪೂಜೆ ಮುಗಿದ ಮೇಲೆ ನಡೀತಿದ್ದ ಜ್ಞಾನೋಪದೇಶದಲ್ಲಿ ನಾನು ಕಲಿತ ನೀತಿ ಅಂದರೆ ಒಂದು ಪಟ್ಟಿ. ಇದು ದೊಡ್ಡ ಪಾಪ, ಅದು ಸಣ್ಣ ಪಾಪ. ಜೀವ ದೇವರದು, ಅದನ್ನ ಮುಟ್ಟೋ ಹಾಗಿಲ್ಲ. ಡಯಾಲಿಸಿಸ್ ಬೇಡ ಅಂದರೆ ಅದು ಮುಟ್ಟಿದ ಹಾಗೆ ಅಂತ ಅಕ್ಕ ತಿಳಿದಿದ್ದಳು. ನಿಜ ಹೇಳಬೇಕಂದರೆ ನಾನೂ ಹಾಗೇ ತಿಳಿದಿದ್ದೆ.

ಊರಿನ ಗುರುಗಳಿಗೆ ಫೋನ್ ಮಾಡಿದೆ. ಹೌದು ಅಥವಾ ಇಲ್ಲ ಅಂತ ಹೇಳಿಬಿಟ್ಟರೆ ಸಾಕಿತ್ತು. ಎರಡು ಬೆಲೆಯ ಪ್ರಶ್ನೆಗೆ ಒಂದು ಬೆಲೆಯ ಉತ್ತರ ಬೇಕು ಅನ್ನೋದು ನಮ್ಮ ವೃತ್ತಿಯ ರೋಗ. ಅವರು ಹೇಳಿದ್ದಿಷ್ಟು: "ನೋಡಪ್ಪಾ, ಬೇಡ ಅಂದ್ರೆ ಅದು ಕೊಲೆ ಅಲ್ಲ. ಹಾಗಂತ ಬೇಡ ಅನ್ನು ಅಂತಲೂ ನಾನು ಹೇಳಲ್ಲ. ಅದ್ರಿಂದ ನಿಮ್ಮಪ್ಪಂಗೆ ಉಪಯೋಗ ಇದೆಯಾ? ಅದರ ಹೊರೆ ಹೊರೋಕೆ ಆಗುತ್ತಾ, ಅವನಿಗೂ ನಿಮಗೂ? ಅವನು ಏನು ಬಯಸ್ತಾನೆ? ಈ ಮೂರನ್ನ ಪ್ರಾರ್ಥನೆ ಮಾಡಿ ಯೋಚನೆ ಮಾಡು." ಆಮೇಲೆ, ವ್ಯಾಧಿಸ್ಥರ ಅಭ್ಯಂಗ ಆಗಿದೆಯಾ ಅಂತ ಕೇಳಿದರು. ಆಗಿತ್ತು.

ಕ್ಯಾಂಟೀನಿನಲ್ಲಿ ಕೂತು ಫೋನಲ್ಲಿ ಓದೋಕೆ ಶುರು ಮಾಡಿದೆ. ಅವತ್ತು ಓದಿದ್ದು ಸ್ವಲ್ಪ, ಮುಂದಿನ ಒಂದು ವರ್ಷ ಓದಿದ್ದೇ ಹೆಚ್ಚು. ಎರಡನ್ನೂ ಸೇರಿಸಿ ಹೇಳ್ತೀನಿ.

ಈ ವಿಚಾರ ವೆಂಟಿಲೇಟರಿನ ಕಾಲದ್ದಲ್ಲ. 16ನೇ ಶತಮಾನದ ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಫ್ರಾನ್ಸಿಸ್ಕೊ ದೆ ವಿತೋರಿಯಾ ಅನ್ನೋ ಡೊಮಿನಿಕನ್ ಗುರು ಪಾಠ ಮಾಡ್ತಿದ್ದ. ಜೀವ ಉಳಿಸಿಕೊಳ್ಳೋದು ಕರ್ತವ್ಯ, ಸರಿ, ಆದರೆ ಎಲ್ಲಿಯವರೆಗೆ ಅನ್ನೋದು ಪ್ರಶ್ನೆ. ಅವನು ಕೊಟ್ಟ ಉದಾಹರಣೆ ಓದಿ ನಾನು ಕ್ಯಾಂಟೀನಿನಲ್ಲೇ ಬೆಪ್ಪಾಗಿ ಕೂತೆ. ಕೋಳಿ! ಎಲ್ಲರೂ ತಿನ್ನೋ ಸಾಮಾನ್ಯ ಊಟ ತಿಂದುಕೊಂಡಿರೋ ರೋಗಿಗೆ ವೈದ್ಯ ಬಂದು ಕೋಳಿ ತಿಂದರೆ ಇನ್ನಷ್ಟು ಕಾಲ ಬದುಕ್ತೀಯ ಅಂದರೂ, ತಿನ್ನಲೇಬೇಕು ಅನ್ನೋ ಕಟ್ಟುಪಾಡು ಅವನಿಗಿಲ್ಲ. ಊಟ ನುಂಗೋದೇ ಹಿಂಸೆ ಅನ್ನೋ ಸ್ಥಿತಿಗೆ ಬಂದವನಿಗೆ ಉಣ್ಣದಿದ್ದರೆ ಪಾಪವಿಲ್ಲ. ಬದುಕೋ ಆಸೆ ಇಲ್ಲದ ರೋಗಿಗೆ ಕೆಲವು ಗಂಟೆ, ಕೆಲವು ದಿನ ಸೇರಿಸೋ ದುಬಾರಿ ಔಷಧಿಯನ್ನ ಕೊಳ್ಳಲೇಬೇಕು ಅಂತಿಲ್ಲ. ಐನೂರು ವರ್ಷದ ಹಿಂದೆ!

ಅವನ ನಂತರದವರು ಇದನ್ನೇ ಬೆಳೆಸಿದರು. ದೊಮಿಂಗೊ ದೆ ಸೋತೊ ಕೈಕಾಲು ಕತ್ತರಿಸೋ ಶಸ್ತ್ರಚಿಕಿತ್ಸೆಯ ಮಾತು ತಂದ. ಅರಿವಳಿಕೆಯೇ ಇಲ್ಲದ ಕಾಲ ಅದು. ಅಷ್ಟು ನೋವು ತಡೆದುಕೋ ಅಂತ ಯಾರನ್ನೂ ಬಲವಂತ ಮಾಡೋಕೆ ಆಗಲ್ಲ ಅಂದ. 17ನೇ ಶತಮಾನದ ಹ್ವಾನ್ ದೆ ಲೂಗೊ ಹೇಳಿದ ಬೆಂಕಿಯ ಉದಾಹರಣೆ ನನ್ನನ್ನ ಇವತ್ತಿಗೂ ಬಿಟ್ಟಿಲ್ಲ. ಒಬ್ಬನ ಸುತ್ತ ಬೆಂಕಿ ಹತ್ತಿದೆ. ಅದನ್ನ ಆರಿಸೋವಷ್ಟು ನೀರು ಅವನ ಹತ್ತಿರ ಇದ್ದರೆ ಆರಿಸಲೇಬೇಕು. ಆದರೆ ಇರೋ ನೀರು ಬೆಂಕಿಯನ್ನ ಒಂಚೂರು ಹೊತ್ತು ತಡೆಯೋಕೆ ಮಾತ್ರ ಸಾಕಾಗೋದಾದರೆ, ಅದನ್ನ ಚೆಲ್ಲಲೇಬೇಕು ಅನ್ನೋ ಕರ್ತವ್ಯ ಅವನಿಗಿಲ್ಲ. ಡಾಕ್ಟರು ಹೇಳಿದ "ಹೆಚ್ಚಂದ್ರೆ ಕೆಲವು ವಾರ" ನನಗೆ ಆ ನೀರಿನ ಹಾಗೆ ಕೇಳಿಸ್ತು.

ಮುಂದೆ ಇದಕ್ಕೆ ಸಾಮಾನ್ಯ ಉಪಾಯ, ಅಸಾಮಾನ್ಯ ಉಪಾಯ ಅಂತ ಹೆಸರು ಬಿತ್ತು. ಮೊದಲನೆಯದು ಕರ್ತವ್ಯ, ಎರಡನೆಯದು ನಮ್ಮ ಇಷ್ಟ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಹಬ್ಬಿದ ಮೇಲೆ ಉಸಿರಾಟದ ಯಂತ್ರಗಳು ಆಸ್ಪತ್ರೆಗಳಿಗೆ ಬಂದವು. ಅದರ ಜೊತೆಗೇ ಅರಿವಳಿಕೆ ವೈದ್ಯರಿಗೆ ಹೊಸ ತಲೆನೋವು: ಹಚ್ಚಿದ ಯಂತ್ರವನ್ನ ಎಲ್ಲಿವರೆಗೆ ಓಡಿಸೋದು? ಅವರು ಪೋಪ್ 12ನೇ ಪಯಸ್ಸರನ್ನ ಕೇಳಿದರು. 1957ರ ನವೆಂಬರ್ 24ರಂದು ಅವರು ಕೊಟ್ಟ ಉತ್ತರದ ತಿರುಳು ಇದು: ಸಾಮಾನ್ಯವಾಗಿ ಮನುಷ್ಯನ ಮೇಲಿರೋದು ಸಾಮಾನ್ಯ ಉಪಾಯಗಳ ಹೊಣೆ ಮಾತ್ರ. ಯಾವುದು ಸಾಮಾನ್ಯ ಅನ್ನೋದು ವ್ಯಕ್ತಿ, ಜಾಗ, ಕಾಲ ನೋಡಿ ಬದಲಾಗುತ್ತೆ. ತನಗಾಗಲೀ ಬೇರೆಯವರಿಗಾಗಲೀ ಅತಿಯಾದ ಹೊರೆ ಆಗೋದು ಸಾಮಾನ್ಯ ಅಲ್ಲ.

"ಬೇರೆಯವರಿಗಾಗಲೀ" ಅನ್ನೋದನ್ನ ನಾನು ಎರಡು ಸಲ ಓದಿದೆ. 1980ರಲ್ಲಿ ವ್ಯಾಟಿಕನ್ ಹೊರಡಿಸಿದ ಘೋಷಣೆ ಇನ್ನೂ ಬಿಡಿಸಿ ಹೇಳುತ್ತೆ. ಮನೆಯವರ ಮೇಲೆ ಮಿತಿಮೀರಿದ ಖರ್ಚು ಹೇರೋದು ಬೇಡ ಅಂತ ಚಿಕಿತ್ಸೆ ಬಿಟ್ಟರೆ ಅದು ಆತ್ಮಹತ್ಯೆಗೆ ಸಮ ಅಲ್ಲ. ಹೊರಗೆ ಅಕ್ಕ ಬಳೆ ಮಾರೋ ಮಾತಾಡ್ತಿದ್ದಳು. ಹಿಪ್ಪುನೇರಳೆ ತೋಟ ಇದೆಯಲ್ಲ ಅಂತ ಅವ್ವ. ಅಷ್ಟರಲ್ಲಿ ನಾನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ದಿನಕ್ಕೆ ಇಷ್ಟು ಅಂದರೆ ಮೂರು ವಾರಕ್ಕೆ ಎಷ್ಟು ಅಂತ ಗುಣಿಸಿ, ನಾಚಿಕೆಯಾಗಿ ಅಳಿಸಿಯೂ ಆಗಿತ್ತು.

ಇಷ್ಟು ಓದಿದ ಮೇಲೆ ಹಗುರ ಆಗಬೇಕಿತ್ತು. ಆಗಲಿಲ್ಲ. ಕಥೋಲಿಕ ನೀತಿಶಾಸ್ತ್ರ ಒಂದು ಕೆಲಸವನ್ನ ತೂಗೋದು ಮೂರರಲ್ಲಿ: ಮಾಡಿದ್ದು ಏನು, ಯಾವ ಉದ್ದೇಶಕ್ಕೆ, ಯಾವ ಸಂದರ್ಭದಲ್ಲಿ. ಮೂರೂ ನೆಟ್ಟಗಿರಬೇಕು. ಒಳ್ಳೆ ಉದ್ದೇಶ ಇದೆ ಅಂತ ಕೆಟ್ಟ ಕೆಲಸ ಒಳ್ಳೇದಾಗಲ್ಲ. ನೋವು ಕಳೀಬೇಕು ಅಂತ ಸಾಯಿಸೋ ಇಂಜೆಕ್ಷನ್ ಕೊಟ್ಟರೆ ಅದು ಕೊಲೆಯೇ. ತಿರುಗಿಸಿದರೂ ಅಷ್ಟೇ. ಹೊಗಳಿಕೆಗೋಸ್ಕರ ಭಿಕ್ಷೆ ಹಾಕಿದರೆ ಆ ಭಿಕ್ಷೆಯೂ ಕೆಡುತ್ತೆ. ಹಾಗಾದರೆ ಡಯಾಲಿಸಿಸ್ ಬೇಡ ಅನ್ನೋದು ತಪ್ಪಲ್ಲದೇ ಇರಬಹುದು. ಆದರೆ ಬೇಡ ಅನ್ನೋವಾಗ ನನಗೆ ಬೇಕಾಗಿದ್ದು ಏನು? ಅಪ್ಪನ ಹಿಂಸೆ ನಿಲ್ಲೋದಾ, ಅಥವಾ ಹನ್ನೆರಡು ದಿನದಿಂದ ನಿದ್ದೆಗೆಟ್ಟಿದ್ದ ನನ್ನ ಹಿಂಸೆ ನಿಲ್ಲೋದಾ? ಲಾಗ್ ತೆಗೆದು ನೋಡೋಕೆ ಅದೇನು ಸರ್ವರ್ ಅಲ್ಲವಲ್ಲ.

ಗುರುಗಳ ಮೂರನೇ ಪ್ರಶ್ನೆ ಉಳಿದಿತ್ತು. ಅಪ್ಪ ಏನು ಬಯಸ್ತಾನೆ?

ಹಿಂದಿನ ದಿನ ಬೆಳಿಗ್ಗೆ ನಾನೊಬ್ಬನೇ ಒಳಗೆ ಹೋಗಿದ್ದೆ. ಬಾಯಿ ಒಣಗಿದೆ, ಒಂದೆರಡು ಚಮಚ ನೀರು ಹಾಕಿ ಅಂತ ನರ್ಸ್ ಹೇಳಿದ್ದರು. ಒಂದು ಚಮಚ ಹಾಕಿದೆ. ಎರಡನೇದಕ್ಕೆ ಅಪ್ಪ ಮುಖ ಆ ಕಡೆ ತಿರುಗಿಸಿ ಒಡೆದ ದನಿಯಲ್ಲಿ "ಸಾಕು ಕಣ್ಲಾ" ಅಂದ. ಮತ್ತೆ ಕಣ್ಣು ಮುಚ್ಚಿದ. ಆಮೇಲೆ ಮಾತಾಡಲಿಲ್ಲ.

ಕ್ಯಾಂಟೀನಿನಿಂದ ಮೇಲೆ ಹೋದವನು ಅಕ್ಕನಿಗೆ, ಅವ್ವನಿಗೆ ಹೇಳಿದೆ: "ನಿನ್ನೆ ಅಪ್ಪ ಸಾಕು ಅಂದ್ರು." ಚಮಚದ ವಿಷಯ ಹೇಳಲಿಲ್ಲ. ಅವ್ವ ಜಪಸರ ಮಡಿಚಿ ಸೆರಗಿನಲ್ಲಿ ಕಟ್ಟಿದಳು. "ಅವ್ರೇ ಅಂದ ಮೇಲೆ ಮನೆಗೆ ಕರ್ಕೊಂಡು ಹೋಗುವ" ಅಂದಳು. ಅಕ್ಕ ಅತ್ತಳು, ಆದರೆ ಬೇಡ ಅನ್ನಲಿಲ್ಲ.

ಆಂಬುಲೆನ್ಸಿನಲ್ಲಿ ಊರಿಗೆ ಕರೆದುಕೊಂಡು ಹೋದೆವು. ಬಾಡಿಗೆಗೆ ಆಕ್ಸಿಜನ್ ಯಂತ್ರ ತಂದೆವು. ಉಸಿರಿನ ಒದ್ದಾಟಕ್ಕೆ ಡಾಕ್ಟರು ಮಾರ್ಫಿನ್ ಬರೆದುಕೊಟ್ಟಿದ್ದರು. ಅದನ್ನ ಕೊಟ್ಟರೆ ಜೀವ ಬೇಗ ಹೋಗುತ್ತೆ ಅಂತ ಯಾರೋ ಅಕ್ಕನ ಕಿವಿಗೆ ಹಾಕಿದ್ದರು. ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ ಹಾಗೇನೂ ಆಗಲ್ಲ ಅಂತ ಡಾಕ್ಟರು ಹೇಳಿದ್ದು ಅವಳಿಗೆ ಸಾಲಲಿಲ್ಲ. ಆಗಲೂ ಕೆಲಸಕ್ಕೆ ಬಂದಿದ್ದು ಹಳೇ ತರ್ಕವೇ. ಒಂದು ಕೆಲಸಕ್ಕೆ ಎರಡು ಫಲ ಇರಬಹುದು, ಒಂದು ನಾವು ಬಯಸಿದ್ದು, ಇನ್ನೊಂದು ಬಯಸದೆ ಬರೋದು. ತನ್ನ ಪ್ರಾಣ ಉಳಿಸಿಕೊಳ್ಳೋನು ಎದುರಾಳಿಯ ಸಾವಿಗೆ ಕಾರಣ ಆಗೋ ವಿಷಯದಲ್ಲಿ 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್ ಇದನ್ನ ಹೇಳಿದ್ದ. ನೋವು ತಗ್ಗಿಸೋ ಔಷಧಿಯಿಂದ ಆಯಸ್ಸು ಸ್ವಲ್ಪ ಕಡಿಮೆ ಆಗೋ ಸಾಧ್ಯತೆ ಇದ್ದರೂ, ಸಾವು ಬರಲಿ ಅನ್ನೋ ಉದ್ದೇಶ ಇಲ್ಲದಿದ್ದರೆ, ಬೇರೆ ದಾರಿಯೂ ಇಲ್ಲದಿದ್ದರೆ, ಕೊಡಬಹುದು ಅಂತ ಪಯಸ್ ಪೋಪರೂ 1957ರಲ್ಲೇ ಹೇಳಿದ್ದರು. ಅಕ್ಕನಿಗೆ ಅಕ್ವಿನಾಸ್ ಬೇಕಾಗಿರಲಿಲ್ಲ. "ಪೋಪು ಹೇಳವ್ರಾ?" ಅಂತ ಕೇಳಿ, ತಾನೇ ಅಳತೆ ಮಾಡಿ ಕೊಟ್ಟಳು.

ಮೂಗಿನ ನಳಿಕೆ ಮಾತ್ರ ತೆಗೆಯಲಿಲ್ಲ. ನಳಿಕೆಯಲ್ಲಿ ಹೋದರೂ ಅನ್ನ-ನೀರು ಚಿಕಿತ್ಸೆ ಅಲ್ಲ, ಆರೈಕೆ, ಮೂಲತಃ ಅದು ಕರ್ತವ್ಯವೇ ಅಂತ 2004ರಲ್ಲಿ ಎರಡನೇ ಜಾನ್ ಪಾಲ್ ಹೇಳಿದ್ದಾರೆ. ಅವ್ವ ಆ ಕೋಳಿ ಸಾರನ್ನ ಬಟ್ಟೆಯಲ್ಲಿ ಸೋಸಿ, ತಿಳಿ ಮಾಡಿ, ಡಾಕ್ಟರನ್ನ ಫೋನಲ್ಲಿ ಕೇಳಿ, ಸಿರಿಂಜಿನಲ್ಲಿ ನಳಿಕೆಗೆ ಬಿಟ್ಟಳು. ವಿತೋರಿಯಾ ಕೋಳಿ ಬೇಕಿಲ್ಲ ಅಂದಿದ್ದ, ತಿನ್ನಿಸಬೇಡ ಅಂದಿರಲಿಲ್ಲ. ನಾಲ್ಕನೇ ದಿನ ಹಾಕಿದ್ದೆಲ್ಲ ವಾಪಸ್ ಬರೋಕೆ ಶುರುವಾಯ್ತು. ದೇಹ ತಗೊಳ್ಳದೇ ಇದ್ದಾಗ ಆ ಕರ್ತವ್ಯವೂ ಮುಗಿಯುತ್ತೆ. ಆರನೇ ದಿನ ಬೆಳಗಿನ ಜಾವ ಅಪ್ಪ ಹೋದ.

ಆಮೇಲೆ ಪೇಪರುಗಳಲ್ಲಿ ಗೌರವದಿಂದ ಸಾಯೋ ಹಕ್ಕಿನ ಸುದ್ದಿ ಬಂದಾಗೆಲ್ಲ ಓದ್ತೀನಿ. ಸುಪ್ರೀಂ ಕೋರ್ಟಿನ 2018ರ ತೀರ್ಪು, 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆ. ಎಲ್ಲದಕ್ಕೂ ಹೆಡ್‌ಲೈನಿನಲ್ಲಿ "ದಯಾಮರಣ" ಅಂತ ಹಾಕ್ತಾರೆ. ಧರ್ಮಸಭೆ ಈ ಪದಕ್ಕೆ ಒಪ್ಪಲ್ಲ. ಸಾಯಿಸೋದು ಬೇರೆ, ಸಾವನ್ನ ತಡೆಯೋಕೆ ಆಗಲ್ಲ ಅಂತ ಒಪ್ಪಿಕೊಳ್ಳೋದು ಬೇರೆ ಅನ್ನೋದೇ ಅದರ ವಾದ. ಪದದ ಜಗಳ ಅಂತ ಮೊದಲಾಗಿದ್ದರೆ ನಗ್ತಿದ್ದೆ. ಕಾರಿಡಾರಿನಲ್ಲಿ ಅಕ್ಕ "ಕಟ್ಟಳೆ" ಅಂದಾಗ ನನಗೆ ಬೇಕಾಗಿದ್ದು ಆ ಪದದ ಜಗಳವೇ.

ಪಾಪನಿವೇದನೆಗೆ ಹೋಗಿದ್ದು ಐದು ತಿಂಗಳಾದ ಮೇಲೆ. (ಕೇಳಿದ್ದನ್ನ ಗುರುಗಳು ಯಾರಿಗೂ ಹೇಳೋ ಹಾಗಿಲ್ಲ. ಹೇಳಿದವನಿಗೆ ಆ ಕಟ್ಟು ಇಲ್ಲ, ಹಾಗಾಗಿ ಬರೀತಿದ್ದೀನಿ.) ದುಡ್ಡಿನ ಲೆಕ್ಕ ಹಾಕಿದೆ ಅಂದೆ. ಅದು ಪಾಪ ಅಲ್ಲ ಅಂದರು. ಮುಗಿದರೆ ಸಾಕು ಅಂತ ಒಳಗೊಳಗೇ ಅನಿಸಿತ್ತು ಅಂದೆ. "ಸುಸ್ತಾಗಿತ್ತಾ?" ಅಂತ ಕೇಳಿದರು, ಹೂಂ ಅಂದೆ. ಕೊನೆಗೆ ಚಮಚದ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ನಿಜವಾದ ಮಾತನ್ನೇ ಆಡಿ, ಮುಖ್ಯವಾದ ಚೂರನ್ನ ಮನಸ್ಸಿನಲ್ಲೇ ಉಳಿಸಿಕೊಳ್ಳೋ ಜಾಣತನದ ಬಗ್ಗೆ ಹಿಂದೆ ನೀತಿಶಾಸ್ತ್ರಜ್ಞರು ದೊಡ್ಡ ವಾದ ಮಾಡಿದ್ದರಂತೆ. ಅದರ ಅತಿರೇಕವನ್ನ 1679ರಲ್ಲಿ ಪೋಪ್ 11ನೇ ಇನ್ನೊಸೆಂಟ್ ಖಂಡಿಸಿದರು ಅಂತ ಆಮೇಲೆ ಓದಿದೆ. ಗುರುಗಳು ಅದೇನೂ ಎತ್ತಲಿಲ್ಲ. "ಅಕ್ಕಂಗೆ ಗೊತ್ತಾ ಇದು?" ಅಂತ ಮಾತ್ರ ಕೇಳಿದರು.

ಹೇಳೋಕೆ ಇನ್ನೂ ಏಳು ತಿಂಗಳು ಬೇಕಾಯ್ತು. ವರ್ಷದ ಪೂಜೆ ಮುಗಿಸಿ, ಸಮಾಧಿಗೆ ಹೂವು ಹಾಕಿ ಮನೆಗೆ ಬಂದಿದ್ದೆವು. ಹಿತ್ತಲಲ್ಲಿ ಅಕ್ಕ ದೊಡ್ಡ ಪಾತ್ರೆಯಲ್ಲಿ ನೆಂಟರಿಗೆ ಸಾರು ಕುದಿಸ್ತಿದ್ದಳು. ಒಲೆ ಪಕ್ಕ ಕೂತು ಹೇಳಿದೆ. ಅಪ್ಪ ಸಾಕು ಅಂದಿದ್ದು ನೀರಿಗಿರಬೇಕು ಕಣಕ್ಕ, ಆಸ್ಪತ್ರೆಗೆ ಅಲ್ಲ. ಎರಡನೇ ಚಮಚಕ್ಕೆ.

ಅವಳು ಸೌಟು ಆಡಿಸೋದನ್ನ ನಿಲ್ಲಿಸಲಿಲ್ಲ. ಬಹಳ ಹೊತ್ತಾದ ಮೇಲೆ, ನನ್ನ ಕಡೆ ತಿರುಗದೆ, "ಅವ್ವಂಗೆ ಮಾತ್ರ ಹೇಳ್ಬೇಡ" ಅಂದಳು. ಆಮೇಲೆ ಉಪ್ಪು ನೋಡು ಅಂತ ಸೌಟಿನ ತುದಿಯಲ್ಲಿ ಒಂದು ಹನಿ ಸಾರು ನನ್ನ ಅಂಗೈಗೆ ಬಿಟ್ಟಳು.