ಕುಸುಬಿಯ ಎಣ್ಣೆ, ಹೃದಯದ ಪೊರೆ

ವಿಜಯಪುರದ ಗಾಂಧಿ ಚೌಕದಲ್ಲಿ ಹಗಲೆಲ್ಲ ಜನಸಂಚಾರಕ್ಕೆ ಬಿಡುವಿಲ್ಲ. ತಿಕೋಟಾ, ಬಬಲೇಶ್ವರಗಳ ಕಡೆಯಿಂದ ಬಂದ ರೈತರು ಚೀಲವನ್ನು ಹೆಗಲಿಗೇರಿಸಿ ನಡೆಯುತ್ತಾರೆ. ಪುಸ್ತಕಗಳ ಹೊರೆ ಹೊತ್ತ ಮಕ್ಕಳು ಶಾಲೆಯತ್ತ ಧಾವಿಸುತ್ತಾರೆ. ಇವರೆಲ್ಲರ ಎದೆಯೊಳಗೆ ಹೃದಯವು ಹುಟ್ಟಿದಂದಿನಿಂದ ವಿಶ್ರಾಂತಿಯಿಲ್ಲದೆ ಮಿಡಿಯುತ್ತಲೇ ಇದೆ. ಆ ಮಿಡಿತಕ್ಕೂ ಈ ಸೀಮೆಯ ಎರೆಮಣ್ಣಿನಲ್ಲಿ ಬೆಳೆಯುವ ಒಂದು ಮುಳ್ಳುಗಿಡಕ್ಕೂ ನಂಟಿದೆಯೆಂದರೆ ಯಾರಿಗಾದರೂ ಅಚ್ಚರಿಯಾಗದಿರದು.

ಆ ಗಿಡವೇ ಕುಸುಬಿ. ಹಿಂಗಾರಿನಲ್ಲಿ ಬಿಳಿಜೋಳದ ಹೊಲದ ಅಂಚಿಗೆ ಇದನ್ನು ಬಿತ್ತುವುದು ಇಲ್ಲಿಯ ರೈತರ ಹಳೆಯ ರೂಢಿ. ಮುಳ್ಳಿಗೆ ಹೆದರಿ ದನಗಳು ಒಳಗೆ ನುಗ್ಗಲಾರವು. ಬೇಲಿಯೂ ಆಯಿತು, ಬೆಳೆಯೂ ಆಯಿತು. ಇದರ ಬೀಜದಿಂದ ತೆಗೆದ ಎಣ್ಣೆ ಅಡುಗೆಗೆ ಒದಗುತ್ತದೆ. ಸಾಮಾನ್ಯ ಕುಸುಬಿ ಎಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇಕಡಾ 70ಕ್ಕೂ ಮಿಕ್ಕಿ ಲಿನೋಲಿಕ್ ಆಮ್ಲವೇ ಇರುತ್ತದೆ. ಮಾನವದೇಹವು ಈ ಆಮ್ಲವನ್ನು ತಾನೇ ತಯಾರಿಸಿಕೊಳ್ಳಲಾರದು. ಆಹಾರದಿಂದಲೇ ಅದನ್ನು ಪಡೆಯಬೇಕು.

ಹಾಗೆ ಪಡೆದುದರಲ್ಲಿ ಒಂದು ಪಾಲು ಹೃದಯದ ಜೀವಕೋಶಗಳ ಮೈಟೊಕಾಂಡ್ರಿಯಗಳನ್ನು ಸೇರುತ್ತದೆ. ಇವು ಕೋಶದ ಶಕ್ತಿಕೇಂದ್ರಗಳು. ಪ್ರತಿಯೊಂದಕ್ಕೂ ಎರಡು ಪೊರೆಗಳುಂಟು. ಮಡಿಕೆ ಮಡಿಕೆಯಾಗಿರುವ ಒಳಪೊರೆಯಲ್ಲಿ ನೆಲೆಸಿದ ಪ್ರೋಟೀನುಗಳು, ಅನ್ನದಲ್ಲಡಗಿದ ಶಕ್ತಿಯನ್ನು ಉಸಿರಿನ ಆಮ್ಲಜನಕದ ನೆರವಿನಿಂದ ಬಿಡಿಸಿ, ಎಟಿಪಿ ಎಂಬ ವಸ್ತುವಿನ ರೂಪದಲ್ಲಿ ಕೋಶಕ್ಕೆ ಒದಗಿಸುತ್ತವೆ.

ಪೊರೆಯ ಲಿಪಿಡ್‌ಗಳೆಂದರೆ ಪ್ರೋಟೀನುಗಳ ಸುತ್ತ ಕಟ್ಟಿದ ಜಡವಾದ ಗೋಡೆಯೆಂದು ಭಾವಿಸುವುದು ಸುಲಭ. ಸತ್ಯ ಹಾಗಿಲ್ಲ. 1942ರಲ್ಲಿ ಅಮೆರಿಕದ ವಿಜ್ಞಾನಿ ಮೇರಿ ಪ್ಯಾಂಗ್‌ಬಾರ್ನ್ ಅವರು ದನದ ಹೃದಯದಿಂದ ಒಂದು ಹೊಸ ಲಿಪಿಡನ್ನು ಬೇರ್ಪಡಿಸಿದರು. ಹೃದಯದಲ್ಲಿ ದೊರೆತುದರಿಂದ ಅದಕ್ಕೆ ಕಾರ್ಡಿಯೋಲಿಪಿನ್ ಎಂಬ ಹೆಸರಾಯಿತು. ಪೊರೆಯ ಸಾಮಾನ್ಯ ಲಿಪಿಡ್‌ಗಳಿಗೆ ಕೊಬ್ಬಿನಾಮ್ಲದ ಎರಡು ಬಾಲಗಳಿದ್ದರೆ ಇದಕ್ಕೆ ನಾಲ್ಕು. ಆರೋಗ್ಯವಂತ ಮನುಷ್ಯನ ಹೃದಯದಲ್ಲಿ ಬಹುಮಟ್ಟಿಗೆ ಆ ನಾಲ್ಕೂ ಲಿನೋಲಿಕ್ ಆಮ್ಲದವು!

ಕಾರ್ಡಿಯೋಲಿಪಿನ್ ಅಣುವಿನ ತಲೆ ಕಿರಿದು, ಬಾಲಗಳ ಭಾಗ ಅಗಲ. ಈ ಆಕಾರದಿಂದಾಗಿ ಒಳಪೊರೆ ಬಾಗಿ ಮಡಿಕೆಯಾಗಲು ನೆರವಾಗುತ್ತದೆ. ಇದು ಪ್ರೋಟೀನುಗಳ ಮೈಯ ತಗ್ಗುಗಳಲ್ಲಿ ಕುಳಿತು ಅವುಗಳ ರೂಪ ಕೆಡದಂತೆ ಕಾಯುತ್ತದೆ; ಉಸಿರಾಟದ ಪ್ರೋಟೀನುಗಳನ್ನು ಒಂದರ ಪಕ್ಕದಲ್ಲೊಂದು ಒಟ್ಟಾಗಿ ಹಿಡಿದಿಡುತ್ತದೆ. ಸಿದ್ಧವಾದ ಎಟಿಪಿಯನ್ನು ಹೊರಗೆ ಸಾಗಿಸುವ ಪ್ರೋಟೀನಿಗಂತೂ ಮೂರು ಕಾರ್ಡಿಯೋಲಿಪಿನ್ ಅಣುಗಳು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಸಾಗುವಾನಿಯ ಬಾಗಿಲೇ ಆದರೂ ಚೌಕಟ್ಟು ಸೊಟ್ಟಗಾದರೆ ಅದು ನೆಟ್ಟಗೆ ಮುಚ್ಚೀತೆ? ಪ್ರೋಟೀನು ಬಾಗಿಲಾದರೆ ಲಿಪಿಡು ಅದರ ಚೌಕಟ್ಟು.

ಚೌಕಟ್ಟು ಕೆಟ್ಟರೆ ಆಗುವ ಅನರ್ಥವೆಷ್ಟೆಂಬುದಕ್ಕೆ ನಿದರ್ಶನವುಂಟು. ನೆದರ್‌ಲೆಂಡ್ಸಿನ ಒಂದು ಮನೆತನದಲ್ಲಿ ಗಂಡುಕೂಸುಗಳು ಹೃದಯ ಮತ್ತು ಸ್ನಾಯುಗಳ ದೌರ್ಬಲ್ಯದಿಂದ ಎಳವೆಯಲ್ಲಿಯೇ ಸಾಯುತ್ತಿದ್ದವು. 1983ರಲ್ಲಿ ಪೀಟರ್ ಬಾರ್ತ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ ಈ ರೋಗವನ್ನು ವಿವರಿಸಿದರು. ಅದಕ್ಕೆ ಅವರ ಹೆಸರೇ ನಿಂತಿತು. ಇದಕ್ಕೆ ಕಾರಣವಾದ ಜೀನು 1996ರಲ್ಲಿ ಪತ್ತೆಯಾಯಿತು. ಕಾರ್ಡಿಯೋಲಿಪಿನ್ನಿಗೆ ತಕ್ಕ ಬಾಲಗಳನ್ನು ಜೋಡಿಸುವ ಟಫಾಝಿನ್ ಎಂಬ ಕಿಣ್ವದ ಜೀನು ಅದು. ಈ ಮಕ್ಕಳಲ್ಲಿ ಉಸಿರಾಟದ ಪ್ರೋಟೀನುಗಳನ್ನು ರಚಿಸುವ ಜೀನುಗಳಿಗೆ ದೋಷವಿಲ್ಲ. ಆದರೆ ಅವುಗಳನ್ನು ಹಿಡಿದಿಡುವ ಲಿಪಿಡು ಸರಿಯಿಲ್ಲದ ಕಾರಣ ಪ್ರೋಟೀನುಗಳ ಕೂಟ ಸಡಿಲಗೊಳ್ಳುತ್ತದೆ, ಪೊರೆಯ ಮಡಿಕೆಗಳು ಕೆಡುತ್ತವೆ, ಹೃದಯ ಸೋಲುತ್ತದೆ.

ಹಾಗಾದರೆ ಕುಸುಬಿ ಎಣ್ಣೆ ಉಣಿಸಿದರೆ ಈ ರೋಗ ವಾಸಿಯಾದೀತೆ? ಆಗಲಾರದು. ಕೊರತೆಯಿರುವುದು ಸಾಮಗ್ರಿಯದಲ್ಲ, ಅದನ್ನು ಜೋಡಿಸುವ ಕಿಣ್ವದ್ದು. ಬಹುಕಾಲ ಈ ರೋಗಕ್ಕೆಂದೇ ಮೀಸಲಾದ ಮದ್ದಿರಲಿಲ್ಲ. ಕಾರ್ಡಿಯೋಲಿಪಿನ್ನಿಗೆ ಅಂಟಿ ಒಳಪೊರೆಗೆ ಆಸರೆಯಾಗುವ ಎಲಾಮಿಪ್ರೆಟೈಡ್ ಎಂಬ ಔಷಧಕ್ಕೆ 2025ರಲ್ಲಿ ಅಮೆರಿಕದಲ್ಲಿ ಷರತ್ತಿನ ಅನುಮತಿ ದೊರೆಯಿತು. ಪೊರೆಯನ್ನು ಕೇವಲ ಗೋಡೆಯೆಂದು ಬಗೆದು ಸುಮ್ಮನಾಗಿದ್ದರೆ ಇಂಥ ಮದ್ದನ್ನು ಹುಡುಕುವ ದಾರಿಯೇ ತೋರುತ್ತಿರಲಿಲ್ಲ.

ಸಂಜೆ ಗಾಂಧಿ ಚೌಕದಿಂದ ಊರಿಗೆ ಮರಳುವ ರೈತನ ಕೈಯಲ್ಲಿ ಒಂದು ಎಣ್ಣೆಯ ಡಬ್ಬಿ ಇರಬಹುದು. ಅದು ರೊಟ್ಟಿಯ ಜೊತೆಗಿನ ಪಲ್ಯಕ್ಕೆಂದು ಅವನು ಕೊಂಡದ್ದು. ಅದರಲ್ಲಿ ಒಂದು ಕಣವು ಅವನ ಮಗುವಿನ ಹೃದಯದೊಳಗೆ, ಯಾವುದೋ ಪ್ರೋಟೀನಿನ ಮಗ್ಗುಲಲ್ಲಿ ನಿಂತು, ಅದರ ಆಕಾರವನ್ನು ಕಾಯಲಿದೆ.